ಖಾರ ಬಿಟ್ಟರೂ ಎದೆಯುರಿ ಬಿಡುತ್ತಿಲ್ಲ, ಕಾರಣವೇನು?

ದಾಲ್‌ಮಿಲ್ಲಿನ ಲೆಕ್ಕಿಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಇಲ್ಲಿಯ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಹೋಳಿ ಹುಣ್ಣಿಮೆ ಕಳೆದಾಗಿನಿಂದ ವಾರಕ್ಕೆ ಮೂರು ನಾಲ್ಕು ರಾತ್ರಿ, ಸುಮಾರು ಒಂದು ಗಂಟೆಯ ಹೊತ್ತಿಗೆ, ಹುಳಿ ನೀರು ಗಂಟಲಿನವರೆಗೆ ಉಕ್ಕಿ ಬಂದು ಕೆಮ್ಮಿನಿಂದ ಎಚ್ಚರವಾಗುತ್ತದೆ. ಎದ್ದು ಕುಳಿತರೆ ಅರ್ಧ ಗಂಟೆಯಲ್ಲಿ ಉರಿ ಇಳಿಯುತ್ತದೆ, ಆದರೆ ಬೆಳಿಗ್ಗೆ ಧ್ವನಿ ಒಡೆದಿರುತ್ತದೆ. ನಮ್ಮ ಅವ್ವ ಇದನ್ನು ಪಿತ್ತ ಎನ್ನುತ್ತಾಳೆ, ಮಿಲ್ಲಿನ ಹಮಾಲರು ಗ್ಯಾಸ್ ಎನ್ನುತ್ತಾರೆ, ಔಷಧದ ಅಂಗಡಿಯಲ್ಲಿ ಅಸಿಡಿಟಿ ಎಂದು ಹೇಳಿ ಗುಳಿಗೆ ಕೊಡುತ್ತಾರೆ. ಹೆಸರಿನಲ್ಲಿ ಒಮ್ಮತವಿಲ್ಲದಿದ್ದರೂ ಖಾರ ಬಿಡು ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು.

ಆದ್ದರಿಂದ ಮೂರು ವಾರಗಳಿಂದ ಕೆಂಪು ಚಟ್ನಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಎಲ್ಲವನ್ನೂ ಬಿಟ್ಟು, ರೊಟ್ಟಿಗೆ ಸಪ್ಪೆ ಬೇಳೆ ಮತ್ತು ಮೊಸರು ಹಚ್ಚಿಕೊಂಡು ಉಣ್ಣುತ್ತಿದ್ದೇನೆ. ಊಟದ ರುಚಿ ಹೋಯಿತೇ ಹೊರತು ಉರಿ ಹೋಗಲಿಲ್ಲ.

ಬಲ್ಲವರು ನೋಡಲೆಂದು ದಿನಚರಿಯನ್ನೂ ಬರೆಯುತ್ತೇನೆ. ಬೆಳಿಗ್ಗೆ ಆರಕ್ಕೆ ಬರಿಹೊಟ್ಟೆಯಲ್ಲಿ ಚಹಾ. ಒಂಬತ್ತಕ್ಕೆ ಅವಸರದಲ್ಲಿ ಸುಸಲಾ ಇಲ್ಲವೇ ಅವಲಕ್ಕಿ. ಮಧ್ಯಾಹ್ನಕ್ಕೆ ಡಬ್ಬಿ ಒಯ್ಯುತ್ತೇನೆ, ಆದರೆ 42 ಡಿಗ್ರಿ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಕುಳಿತವನಿಗೆ ಒಣ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಎರಡು ತುತ್ತು ತಿಂದು ಮುಚ್ಚಿಡುತ್ತೇನೆ. ಸಂಜೆಯವರೆಗೆ ನಾಲ್ಕೈದು ಸಲ ಚಹಾ, ಒಂದು ತಣ್ಣನೆಯ ಸೋಡಾ. ರಾತ್ರಿ ಒಂಬತ್ತೂವರೆಗೆ ಮನೆ ಸೇರಿ ಸ್ನಾನ ಮಾಡಿದ ಮೇಲೆ ಮೈ ತಣ್ಣಗಾಗಿ, ಇಡೀ ದಿನದ ಹಸಿವು ಒಮ್ಮೆಲೇ ಏಳುತ್ತದೆ. ಹತ್ತೂಕಾಲಿಗೆ ನಾಲ್ಕು ರೊಟ್ಟಿ, ಬೇಳೆ, ಅನ್ನ, ಮೊಸರು ಉಂಡು, ಹತ್ತೂಮುಕ್ಕಾಲಿಗೆ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗುತ್ತೇನೆ. ಇದರಲ್ಲಿ ತಪ್ಪು ಯಾವುದರದು? ಖಾರದ್ದಲ್ಲವಾದರೆ ಚಹಾದ್ದೋ, ಬೇಳೆಯದೋ?

ಆಳಂದದ ಗೃಹಿಣಿ

ತಮ್ಮಾ, ಮೂರು ವಾರ ಖಾರ ಬಿಟ್ಟರೆ ಸಾಲದು. ನಮ್ಮ ಮನೆಯವರು ಎರಡು ತಿಂಗಳು ಬಿಟ್ಟ ಮೇಲೆಯೇ ಅವರಿಗೆ ಹಗುರವಾದದ್ದು. ಪುಂಡಿಪಲ್ಯವನ್ನೂ ಬಿಡಬೇಕು, ಅದರ ಹುಳಿ ಹೊಟ್ಟೆಗೆ ಹೋಗಿ ಇನ್ನಷ್ಟು ಹುಳಿ ಮಾಡುತ್ತದೆ. ಮಲಗುವ ಮುನ್ನ ಒಂದು ಲೋಟ ತಣ್ಣನೆಯ ಹಾಲು ಕುಡಿಯಿರಿ, ತಕ್ಷಣ ತಂಪಾಗುತ್ತದೆ.

ನಿವೃತ್ತ ವೈದ್ಯ, ಸೇಡಂ

ಲೆಕ್ಕಿಗರೆ, ನೀವು ಏನು ಉಣ್ಣುತ್ತೀರಿ ಎಂಬುದಕ್ಕಿಂತ ಯಾವಾಗ ಉಣ್ಣುತ್ತೀರಿ ಎಂದು ಬರೆದಿರುವ ಭಾಗದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಕಾಣುತ್ತಿದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬೇಸಿಗೆ ಬಂತೆಂದರೆ ನಮ್ಮ ಭಾಗದ ಬಹಳಷ್ಟು ಮನೆಗಳಲ್ಲಿ ಇದೇ ದಿನಚರಿ ನಡೆಯುತ್ತದೆ.

ಹೊಟ್ಟೆಯಲ್ಲಿ ಆಮ್ಲ ಇರುವುದೇ ರೋಗವಲ್ಲ. ಪ್ರತಿಯೊಬ್ಬರ ಜಠರವೂ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರಿನಷ್ಟು ರಸವನ್ನು ಸ್ರವಿಸುತ್ತದೆ, ಮತ್ತು ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಎಷ್ಟು ತೀಕ್ಷ್ಣವೆಂದರೆ ಬರಿಹೊಟ್ಟೆಯಲ್ಲಿ ಆ ರಸದ ಪಿಎಚ್ (ಈ ಅಂಕಿ ಕಡಿಮೆಯಾದಷ್ಟೂ ಆಮ್ಲ ತೀಕ್ಷ್ಣ) 1ರಿಂದ 2ರ ಆಸುಪಾಸಿನಲ್ಲಿರುತ್ತದೆ. ಜಠರದ ಒಳಗೋಡೆಗೆ ಅದನ್ನು ತಡೆಯುವ ದಪ್ಪ ಲೋಳೆಯ ಹೊದಿಕೆ ಇದೆ, ಅನ್ನನಾಳಕ್ಕೆ ಅಂಥ ಹೊದಿಕೆ ಇಲ್ಲ. ಎರಡೂ ಕೂಡುವ ಕಡೆ ಸ್ನಾಯುವಿನ ಒಂದು ಬಿಗಿಯಾದ ಉಂಗುರ ಬಾಗಿಲಿನಂತೆ ಕೆಲಸ ಮಾಡುತ್ತದೆ. ಎದೆಯುರಿ ಎಂದು ಬರುವವರಲ್ಲಿ ಹೆಚ್ಚಿನವರಿಗೆ ಆಮ್ಲ ಅತಿಯಾಗಿರುವುದಿಲ್ಲ, ಇರಬೇಕಾದಷ್ಟೇ ಆಮ್ಲ ಆ ಬಾಗಿಲು ದಾಟಿ ಮೇಲೆ ಬಂದಿರುತ್ತದೆ.

ಬಾಗಿಲು ಏಕೆ ತೆರೆಯುತ್ತದೆ ಎಂದರೆ, ನುಂಗುವಾಗಲಷ್ಟೇ ಅಲ್ಲದೆ ಜಠರದ ಮೇಲ್ಭಾಗ ಹಿಗ್ಗಿದಾಗಲೂ, ತೇಗಿನ ಗಾಳಿಗೆ ದಾರಿ ಕೊಡಲೆಂದು ಅದು ತಾನಾಗಿಯೇ ಕೆಲವು ಸೆಕೆಂಡು ಸಡಿಲವಾಗುತ್ತದೆ. ಇದು ಆರೋಗ್ಯವಂತರಲ್ಲೂ ನಡೆಯುತ್ತದೆ. ಆದರೆ ಹೊಟ್ಟೆ ಎಷ್ಟು ಹಿಗ್ಗಿರುತ್ತದೆಯೋ ಅಷ್ಟು ಸಲ ಅದು ಸಡಿಲವಾಗುತ್ತದೆ. ದಿನವಿಡೀ ತಡೆದ ಹಸಿವನ್ನು ನೀವು ಇಪ್ಪತ್ತು ನಿಮಿಷದಲ್ಲಿ ನಾಲ್ಕು ರೊಟ್ಟಿ ಮತ್ತು ಅನ್ನದಿಂದ ತೀರಿಸುತ್ತಿದ್ದೀರಿ. ಅದರ ಮೇಲೆ ಇನ್ನೊಂದು ಸಂಗತಿ ಇದೆ: ಉಂಡ ಮೇಲೆ ಹೊಸದಾಗಿ ಸ್ರವಿಸಿದ ಆಮ್ಲ ಅನ್ನದೊಂದಿಗೆ ಕೂಡಲೇ ಬೆರೆಯುವುದಿಲ್ಲ, ಅದರ ಒಂದು ಪದರ ಉಂಡದ್ದರ ಮೇಲೆ, ಸರಿಯಾಗಿ ಆ ಬಾಗಿಲಿನ ಕೆಳಗೇ ನಿಂತಿರುತ್ತದೆ. ಕುಳಿತವನಿಗೆ, ತಿರುಗಾಡುವವನಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಅರ್ಧ ಗಂಟೆಯೊಳಗೆ ಚಾಪೆಯ ಮೇಲೆ ಅಂಗಾತ ಮಲಗಿದವನಿಗೆ ಆ ಪದರ ಬಾಗಿಲಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಎಚ್ಚರವಿದ್ದಾಗ ನಾವು ಮತ್ತೆ ಮತ್ತೆ ಉಗುಳು ನುಂಗುತ್ತಿರುತ್ತೇವೆ, ಉಗುಳಿನಲ್ಲಿರುವ ಕ್ಷಾರ ಮೇಲೆ ಬಂದ ಆಮ್ಲವನ್ನು ಶಮನಗೊಳಿಸುತ್ತದೆ. ನಿದ್ದೆಯಲ್ಲಿ ಉಗುಳೂ ಕಡಿಮೆ, ನುಂಗುವುದೂ ಕಡಿಮೆ. ಆದ್ದರಿಂದ ಹಗಲು ಕೆಲವೇ ನಿಮಿಷಗಳಲ್ಲಿ ಇಳಿಯಬೇಕಾದ ಆಮ್ಲ ರಾತ್ರಿ ಬಹಳ ಹೊತ್ತು ಅನ್ನನಾಳದಲ್ಲೇ ನಿಲ್ಲುತ್ತದೆ. ನೀವು ಒಂದು ಗಂಟೆಗೆ ಏಳುವುದು ಇದಕ್ಕಾಗಿ.

ಊಟಕ್ಕೂ ಹಾಸಿಗೆಗೂ ಕನಿಷ್ಠ ಮೂರು ಗಂಟೆ ಅಂತರವಿರಲಿ, ಮತ್ತು ಉಣ್ಣುವ ಪ್ರಮಾಣವನ್ನು ಹಗಲಿಗೆ ಹಂಚಿರಿ. ಬೇರೆ ಎಲ್ಲವೂ ಇದರ ನಂತರದ ಮಾತು.

ಆಳಂದದ ಅಕ್ಕನವರು ಹೇಳಿದ ಖಾರದ ವಿಷಯ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಆಮ್ಲವನ್ನು ಹೆಚ್ಚಿಸುವುದಿಲ್ಲ, ಬಿಸಿಯನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ. ಅನ್ನನಾಳದ ಗೋಡೆ ಆಗಲೇ ಆಮ್ಲದಿಂದ ಕೆಂಪಾಗಿದ್ದರೆ ಖಾರ ತಿಂದಾಗ ಉರಿ ಇಮ್ಮಡಿಯಾಗುತ್ತದೆ, ಗಾಯದ ಮೇಲೆ ಉಪ್ಪು ಬಿದ್ದ ಹಾಗೆ. ಆದ್ದರಿಂದ ನಿಮ್ಮ ಮನೆಯವರ ಅನುಭವ ಸುಳ್ಳಲ್ಲ. ಪುಂಡಿಪಲ್ಯದ ಹುಳಿಯೂ ಹೀಗೆಯೇ, ಜಠರದ ಆಮ್ಲದ ಮುಂದೆ ಅದು ತೀರ ಸಪ್ಪೆ, ಆದರೆ ಕೆಂಪಾದ ಗೋಡೆಗೆ ತಗುಲಿದರೆ ನೋಯಿಸುತ್ತದೆ. ಹಾಲು ಮಾತ್ರ ನಂಬಿಕೆದ್ರೋಹಿ. ಕುಡಿದ ಕೂಡಲೇ ತಂಪೆನಿಸಿದರೂ ಅದರಲ್ಲಿರುವ ಪ್ರೋಟೀನು ಮತ್ತು ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಆಮ್ಲ ಸ್ರವಿಸುವಂತೆ ಮಾಡುತ್ತವೆ. ಮಲಗುವಾಗ ಅದು ಬೇಡ.

ಆಳಂದದ ಗೃಹಿಣಿ

ಡಾಕ್ಟರ್ ಸಾಹೇಬರೆ, ನೀವು ಹೇಳಿದ್ದು ತಿಳಿಯಿತು, ಆದರೂ ಒಂದು ಕೇಳುತ್ತೇನೆ. ನಮ್ಮ ಮಾವನವರು ಎಂಬತ್ತು ದಾಟುವವರೆಗೆ ರಾತ್ರಿ ಹತ್ತಕ್ಕೇ ಉಂಡರು, ಉಂಡ ಕೈ ಒಣಗುವ ಮುನ್ನ ಮಲಗಿದರು, ಒಂದು ದಿನವೂ ಎದೆಯುರಿ ಎಂದವರಲ್ಲ. ಹೊತ್ತೇ ಕಾರಣವಾದರೆ ಅವರಿಗೇಕೆ ಬರಲಿಲ್ಲ?

ನಿವೃತ್ತ ವೈದ್ಯ, ಸೇಡಂ

ಪ್ರಶ್ನೆ ಸರಿಯಾಗಿದೆ. ನಿಮ್ಮ ಮಾವನವರು ಹೊಲದಲ್ಲಿ ದುಡಿದವರಾದರೆ ಅವರ ನಡು ಎಷ್ಟಿತ್ತೆಂದು ನೆನಪಿಸಿಕೊಳ್ಳಿ. ಹೊಟ್ಟೆಯ ಸುತ್ತ ಕೊಬ್ಬು ಬೆಳೆದಂತೆ ಅದು ಒಳಗಿನಿಂದ ಜಠರವನ್ನು ಮೇಲಕ್ಕೆ ಒತ್ತುತ್ತದೆ, ಬಾಗಿಲಿನ ಮೇಲೆ ಸದಾ ಒತ್ತಡವಿರುತ್ತದೆ. ಕೆಲವರಲ್ಲಿ ಜಠರದ ಮೇಲಿನ ತುದಿಯೇ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ರಂಧ್ರದಿಂದ ಎದೆಯೊಳಗೆ ಜಾರಿರುತ್ತದೆ, ಅದನ್ನು ಹಯಾಟಸ್ ಹರ್ನಿಯಾ ಎನ್ನುತ್ತೇವೆ, ಅಂಥವರಿಗೆ ಸ್ವಲ್ಪ ಉಂಡರೂ ಆಮ್ಲ ಮೇಲೆ ಬರುತ್ತದೆ. ಬಾಗಿಲು ಗಟ್ಟಿ ಇರುವವರು ತಡರಾತ್ರಿಯ ಊಟವನ್ನು ಅರಗಿಸಿಕೊಳ್ಳುತ್ತಾರೆ. ಕುರ್ಚಿಯ ಮೇಲೆ ಕುಳಿತು ದುಡಿಯುವ, ಪ್ಯಾಂಟಿನ ಬೆಲ್ಟನ್ನು ಹಳೆಯ ರಂಧ್ರಕ್ಕೇ ಬಿಗಿಯುವ ನಮ್ಮಂಥವರಿಗೆ ಆ ಸೌಲಭ್ಯವಿಲ್ಲ. ಹೆಣ್ಣುಮಕ್ಕಳು ಸೀರೆಯ ಒಳಲಂಗದ ಲಾಡಿಯನ್ನು ಉಸಿರು ಕಟ್ಟುವಂತೆ ಬಿಗಿದು ಉಣ್ಣಲು ಕೂರುವುದೂ ಇದೇ ಸಾಲಿಗೆ ಸೇರುತ್ತದೆ.

ರಾತ್ರಿ ಪಾಳಿಯ ಚಾಲಕ, ಯಾದಗಿರಿ

ನಾನು ಇಪ್ಪತ್ತೆರಡು ವರ್ಷಗಳಿಂದ ರಾತ್ರಿ ಬಸ್ಸು ಓಡಿಸುತ್ತಿದ್ದೇನೆ. ನಿದ್ದೆ ಬರಬಾರದೆಂದು ಚಹಾ, ಚಹಾದ ಮೇಲೆ ತಂಬಾಕು, ಇದೇ ನಮ್ಮ ರೂಢಿ. ನನ್ನ ಉರಿ ಮಲಗಿದಾಗ ಬರುವುದಲ್ಲ, ಗಾಡಿ ಓಡಿಸುವಾಗಲೇ ಬರುತ್ತದೆ. ಚಹಾ ಬಿಟ್ಟು ನೋಡಿದೆ, ಅರ್ಧದಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ತಂಬಾಕಿಗೂ ಹೊಟ್ಟೆಗೂ ಸಂಬಂಧವಿದೆಯೇ? ನಾನು ಸೇದುವುದಿಲ್ಲ, ಗಲ್ಲದಲ್ಲಿ ಇಟ್ಟುಕೊಳ್ಳುತ್ತೇನೆ ಅಷ್ಟೆ.

ನಿವೃತ್ತ ವೈದ್ಯ, ಸೇಡಂ

ಚಾಲಕ ಅಣ್ಣನವರೆ, ನೇರ ಸಂಬಂಧವಿದೆ. ನಿಕೋಟಿನ್ ಹೊಗೆಯಿಂದ ಬಂದರೂ ಗಲ್ಲದಿಂದ ಬಂದರೂ ರಕ್ತ ಸೇರಿ ಆ ಬಾಗಿಲಿನ ಸ್ನಾಯುವನ್ನು ಸಡಿಲಿಸುತ್ತದೆ. ಹೊಗೆಸೊಪ್ಪಿನ ರಸವನ್ನು ನುಂಗಿದರಂತೂ ಹೊಟ್ಟೆಯ ಗೋಡೆಯೂ ಕೆರಳುತ್ತದೆ, ಬಾಯಿಯ ಕ್ಯಾನ್ಸರಿನ ಮಾತು ಬೇರೆಯೇ ಇದೆ. ಚಹಾದಲ್ಲಿರುವ ಕೆಫೀನು ಆಮ್ಲ ಸ್ರಾವವನ್ನು ಹೆಚ್ಚಿಸುತ್ತದೆ, ಆದರೆ ಎಲ್ಲರಲ್ಲೂ ಸಮನಾಗಿ ಅಲ್ಲ. ಊಟವಾದ ಮೇಲೆ ಕುಡಿಯುವ ಒಂದು ಕಪ್ಪಿನಿಂದ ಏನೂ ಆಗದವರಿಗೆ, ಊಟದ ಬದಲು ಕುಡಿಯುವ ಐದು ಕಪ್ಪಿನಿಂದ ಉರಿ ಬರುತ್ತದೆ. ಮೊದಲು ತಂಬಾಕು ಬಿಡಿ, ಚಹಾದ ಲೆಕ್ಕ ಆಮೇಲೆ ನೋಡೋಣ.

ಔಷಧ ಅಂಗಡಿಯವ, ಸೂಪರ್ ಮಾರ್ಕೆಟ್ ಹತ್ತಿರ

ವೈದ್ಯರು ಊಟದ ಬಗ್ಗೆ ಹೇಳಿದರು, ನಾನು ಕೌಂಟರಿನ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ. ಬೆಳಿಗ್ಗೆ ಬಂದು ಮೊಣಕಾಲಿಗೆಂದು ಡೈಕ್ಲೋಫೆನಾಕ್ ಕೇಳಿದವರೇ ನಾಲ್ಕು ದಿನ ಬಿಟ್ಟು ಎದೆಯುರಿಗೆ ಗುಳಿಗೆ ಕೇಳುತ್ತಾರೆ, ಎರಡಕ್ಕೂ ನಂಟಿದೆ ಎಂದು ಯಾರೂ ಯೋಚಿಸುವುದಿಲ್ಲ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಇವೆಲ್ಲ ನೋವು ತರುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ತಡೆಯುತ್ತವೆ. ಆದರೆ ಜಠರದ ಲೋಳೆಯ ಹೊದಿಕೆ ಗಟ್ಟಿಯಾಗಿ ಉಳಿಯಲು ಅದೇ ವಸ್ತು ಬೇಕು. ಗುಳಿಗೆ ಬೇಡ, ಸೂಜಿ ಹಾಕಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂದು ನಮ್ಮ ಹಳ್ಳಿಗಳಲ್ಲಿ ಒಂದು ನಂಬಿಕೆ ಇದೆ. ಅದು ತಪ್ಪು, ಈ ಔಷಧಗಳು ರಕ್ತದ ಮೂಲಕವೂ ಹೊಟ್ಟೆಯನ್ನು ತಲುಪುತ್ತವೆ. ಇನ್ನು ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಜಾತಿಯ ಔಷಧಗಳು ಕೆಲವರಲ್ಲಿ ಆ ಸ್ನಾಯುವಿನ ಬಾಗಿಲನ್ನು ಸಡಿಲಿಸಬಲ್ಲವು. ಹಾಗೆಂದು ಯಾರೂ ಬಿಪಿ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರಿಗೆ ಉರಿಯ ವಿಷಯ ತಿಳಿಸಬೇಕು. ಕಬ್ಬಿಣದ ಗುಳಿಗೆ, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಇಂಥವನ್ನು ಗುಟುಕು ನೀರಿನಲ್ಲಿ ನುಂಗಿ ಕೂಡಲೇ ಮಲಗಿದರೆ ಅವು ಅನ್ನನಾಳದಲ್ಲೇ ಅಂಟಿಕೊಂಡು ಸುಡುತ್ತವೆ. ತುಂಬಿದ ಲೋಟ ನೀರು ಕುಡಿದು ಅರ್ಧ ಗಂಟೆಯಾದರೂ ಕುಳಿತಿರಬೇಕು.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಎಂಬ ಆಮ್ಲ ತಗ್ಗಿಸುವ ಗುಳಿಗೆ ಒಯ್ಯುವವರಿಗೆ ಒಂದು ಮಾತು. ಇವು ಉರಿ ಬಂದಾಗ ನುಂಗುವ ಗುಳಿಗೆಗಳಲ್ಲ. ಆಮ್ಲವನ್ನು ಹೊರಹಾಕುವ ಜೀವಕೋಶಗಳ ಪಂಪುಗಳು ಊಟಕ್ಕೆ ಎಚ್ಚೆತ್ತಾಗಲೇ ಇವು ಅವನ್ನು ಹಿಡಿಯಬೇಕಾದ್ದರಿಂದ, ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಬೇಕು. ಊಟವಾದ ಮೇಲೆ ನುಂಗಿ ಗುಣವಿಲ್ಲ ಎನ್ನುವವರು ದಿನವೂ ಬರುತ್ತಾರೆ. ತಿಂಗಳುಗಟ್ಟಲೆ ನುಂಗಿ ಒಂದು ದಿನ ತಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಕೆಲವು ವಾರ ಕಾಡುತ್ತದೆ, ಆಗ ಜನ ಇದಿಲ್ಲದೆ ಬದುಕಿಲ್ಲ ಎಂದುಕೊಂಡು ಮತ್ತೆ ಹಿಡಿಯುತ್ತಾರೆ. ಹಳೆಯ ರ‍್ಯಾನಿಟಿಡಿನ್ ಇದೆಯೇ ಎಂದು ಈಗಲೂ ಕೇಳುವವರಿದ್ದಾರೆ. ಅದರಲ್ಲಿ ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ಎಂಬ ಕಲ್ಮಶ ಕಂಡುಬಂದು 2020ರಲ್ಲಿ ಅಮೆರಿಕದಲ್ಲಿ ಹಿಂದಕ್ಕೆ ಪಡೆದರು, ನಮ್ಮ ದೇಶದ ಅತ್ಯಗತ್ಯ ಔಷಧಗಳ ಪಟ್ಟಿಯಿಂದಲೂ 2022ರಲ್ಲಿ ಅದನ್ನು ಕೈಬಿಟ್ಟರು.

ಅಡುಗೆ ಸೋಡಾ ನೀರಿಗೆ ಹಾಕಿ ಕುಡಿಯುವವರು ಗಮನಿಸಬೇಕು. ಅದು ಆಮ್ಲವನ್ನು ಕೂಡಲೇ ಶಮನ ಮಾಡುವುದು ನಿಜ, ಆದರೆ ಆಗ ಹುಟ್ಟುವ ಅನಿಲ ಹೊಟ್ಟೆಯನ್ನು ಹಿಗ್ಗಿಸುತ್ತದೆ. ಜೋರಾಗಿ ತೇಗು ಬಂದಿತೆಂದು ನಾವು ಸಂತೋಷಪಡುವ ಹೊತ್ತಿಗೆ ಬಾಗಿಲು ಮತ್ತೆ ತೆರೆದಿರುತ್ತದೆ. 1 ಗ್ರಾಂ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇದೆ, ಬಿಪಿ ಇರುವವರು ಅದನ್ನು ದಿನವೂ ಕುಡಿಯುವುದು ಒಳ್ಳೆಯದಲ್ಲ.

ಶಹಾಬಾದಿನ ಓದುಗ

ನಮ್ಮ ಕಡೆಯ ಬೋರ್ ನೀರು ಗಡಸು, ಕೊಡದ ತಳಕ್ಕೆ ಬಿಳಿ ಹೆಪ್ಪು ಕಟ್ಟುತ್ತದೆ. ಎದೆಯುರಿಗೆ ಅದೇ ಕಾರಣವೆಂದು ಇಲ್ಲಿ ಎಲ್ಲರೂ ನಂಬಿದ್ದಾರೆ. ನಿಜವೇ?

ನಿವೃತ್ತ ವೈದ್ಯ, ಸೇಡಂ

ಆ ಬಿಳಿ ಹೆಪ್ಪು ಸುಣ್ಣದ ಅಂಶ, ಅದು ಕ್ಷಾರದ ಕಡೆಯದು, ಆಮ್ಲದ ಕಡೆಯದಲ್ಲ. ಸುಣ್ಣಕಲ್ಲಿನ ನೆಲದ ನೀರು ಹಾಗೆಯೇ ಇರುತ್ತದೆ. ಬೇಳೆ ಬೇಗ ಬೇಯದಿರಲು ಅದು ಕಾರಣವಾಗಬಹುದು, ಎದೆಯುರಿಗೆ ಅಲ್ಲ.

ಬೇಳೆಯ ಮಾತು ಬಂದದ್ದರಿಂದ ಲೆಕ್ಕಿಗರ ಇನ್ನೊಂದು ಪ್ರಶ್ನೆಗೂ ಉತ್ತರಿಸುತ್ತೇನೆ. ಗ್ಯಾಸ್ ಎಂಬ ಒಂದೇ ಪದವನ್ನು ನಾವು ಮೂರು ಬೇರೆ ತೊಂದರೆಗಳಿಗೆ ಬಳಸುತ್ತೇವೆ. ಬೇಳೆಕಾಳು ತಿಂದಾಗ ಕೆಳಹೊಟ್ಟೆ ಉಬ್ಬುವುದು ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳ ಕೆಲಸ. ತೇಗು ಬರುವುದು ಅವಸರದ ಊಟದಲ್ಲಿ ನುಂಗಿದ ಗಾಳಿಯಿಂದ, ಸೋಡಾದಿಂದ. ಹುಳಿ ನೀರು ಗಂಟಲಿಗೆ ಬರುವುದು ಈಗ ಮಾತನಾಡುತ್ತಿರುವ ತೊಂದರೆ. ಬೇಳೆಯ ಮಿಲ್ಲಿನವರು ಬೇಳೆಯ ಮೇಲೆ ಅನುಮಾನಪಡಬೇಕಾಗಿಲ್ಲ. ಹೌದು, ಅದಕ್ಕೆ ಹಾಕುವ ಒಗ್ಗರಣೆಯ ಎಣ್ಣೆ ಹೆಚ್ಚಾದರೆ ಜಠರ ಖಾಲಿಯಾಗುವುದು ತಡವಾಗುತ್ತದೆ, ಮಿರ್ಚಿ ಭಜಿಯಲ್ಲಿ ಮಿರ್ಚಿಗಿಂತ ಭಜಿಯೇ ಹೆಚ್ಚು ಕಾಡುವುದು ಅದಕ್ಕಾಗಿ.

ದರ್ಗಾ ಬಡಾವಣೆಯ ಶಿಕ್ಷಕಿ

ಹೊತ್ತಿನ ವಿಷಯದಲ್ಲಿ ನನ್ನ ಅನುಭವವನ್ನೂ ಸೇರಿಸುತ್ತೇನೆ. ರಂಜಾನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಎದೆಯುರಿ ಬರುತ್ತಿತ್ತು, ಹಗಲೆಲ್ಲ ಖಾಲಿ ಇರುವ ಹೊಟ್ಟೆಯಿಂದಲೇ ಬರುತ್ತದೆ ಎಂದು ತಿಳಿದಿದ್ದೆವು. ಒಂದು ವರ್ಷ ಬರೆದಿಟ್ಟುಕೊಂಡು ನೋಡಿದಾಗ, ಉರಿ ಹೆಚ್ಚಾಗುತ್ತಿದ್ದದ್ದು ಬೆಳಿಗ್ಗೆ ಎಂಟರ ಹೊತ್ತಿಗೆ, ಅಂದರೆ ನಸುಕಿಗೆ ಮುಂಚಿನ ಊಟವಾದ ಸಹರಿಯಲ್ಲಿ ಹೊಟ್ಟೆ ತುಂಬ ತಹರಿ ಉಂಡು, ಫಜರ್ ನಮಾಜು ಮುಗಿಸಿ ಮತ್ತೆ ಮಲಗಿ ಎದ್ದ ಮೇಲೆ. ಈಗ ಸಹರಿಯಲ್ಲಿ ಎಣ್ಣೆ ಕಡಿಮೆ ಮಾಡಿದ್ದೇವೆ, ಮತ್ತೆ ಮಲಗುವುದಾದರೆ ಒರಗು ಕುರ್ಚಿಯಲ್ಲಿ ಮಲಗುತ್ತೇವೆ. ಇಫ್ತಾರಿನಲ್ಲಿ ಖರ್ಜೂರ, ನೀರು, ಹಣ್ಣು ತೆಗೆದುಕೊಂಡು, ನಮಾಜಿನ ನಂತರವೇ ಊಟ ಮಾಡುತ್ತೇವೆ. ತೊಂದರೆ ಬಹುಮಟ್ಟಿಗೆ ಹೋಗಿದೆ.

ಚಿಂಚೋಳಿಯ ಸೊಸೆ

ನನಗೆ ಏಳನೆಯ ತಿಂಗಳು. ಖಾರ ಮುಟ್ಟದಿದ್ದರೂ ಉರಿ. ಮಗುವಿಗೆ ತಲೆಗೂದಲು ದಟ್ಟವಾಗಿದೆ, ಅದಕ್ಕೇ ಉರಿ ಎಂದು ಅತ್ತೆಯವರು ನಗುತ್ತಾರೆ.

ನಿವೃತ್ತ ವೈದ್ಯ, ಸೇಡಂ

ಮಗಳೆ, ಗರ್ಭಿಣಿಯರಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಆ ಸ್ನಾಯುವನ್ನು ಸಡಿಲಿಸುತ್ತದೆ, ಬೆಳೆದ ಗರ್ಭಕೋಶ ಕೆಳಗಿನಿಂದ ಒತ್ತುತ್ತದೆ. ಹೆರಿಗೆಯಾದ ಮೇಲೆ ಬಹುತೇಕ ತಾನಾಗಿಯೇ ಹೋಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಉಣ್ಣಿ, ಎಡಮಗ್ಗುಲಾಗಿ ಮಲಗಿ. ಅಡುಗೆ ಸೋಡಾ ಕುಡಿಯಬೇಡಿ, ಗುಳಿಗೆ ಬೇಕೆನಿಸಿದರೆ ನಿಮ್ಮ ಹೆರಿಗೆ ವೈದ್ಯರನ್ನು ಕೇಳದೆ ಬೇಡ.

ಎಡಮಗ್ಗುಲಿನ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಎಡಕ್ಕೆ ಮಲಗಿದಾಗ ಜಠರದ ಚೀಲ ಕೆಳಗೆ, ಬಾಗಿಲು ಮೇಲೆ ಉಳಿಯುತ್ತದೆ. ಬಲಕ್ಕೆ ಹೊರಳಿದರೆ ಬಾಗಿಲು ಆಮ್ಲದಲ್ಲಿ ಮುಳುಗುತ್ತದೆ.

ಮತ್ತೊಂದನ್ನು ಹೇಳಲೇಬೇಕು. ನಾನು ತಾಲ್ಲೂಕಿನಲ್ಲಿ ಕೆಲಸ ಮಾಡುವಾಗ ಒಬ್ಬ ರೈತರು ಗ್ಯಾಸ್ ಎಂದು ಬೆಳಗಿನಿಂದ ಸಂಜೆಯವರೆಗೆ ಸೋಡಾ ಕುಡಿಯುತ್ತ ಕುಳಿತು, ಕೊನೆಗೆ ಬೆವರಿನಲ್ಲಿ ತೊಯ್ದು ಬಂದರು. ಅದು ಹೃದಯಾಘಾತವಾಗಿತ್ತು. ನಡೆದಾಗ ಹೆಚ್ಚಾಗುವ ಎದೆಯ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಏದುಸಿರು ಇದ್ದರೆ ಈ ಚರ್ಚೆಯನ್ನು ಓದುತ್ತ ಕೂರಬಾರದು. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಕಲಬುರಗಿಯಲ್ಲೇ ಇದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಲಕ್ಷಣಗಳು ಮಸುಕಾಗಿರುತ್ತವೆ, ಅವರು ಇನ್ನೂ ಬೇಗ ಹೋಗಬೇಕು. ಹಾಗೆಯೇ ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ರಕ್ತಹೀನತೆ ಇವುಗಳಲ್ಲಿ ಒಂದು ಕಂಡರೂ ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಬೇಕಾಗುತ್ತದೆ.

ಸ್ನಾತಕೋತ್ತರ ವಿದ್ಯಾರ್ಥಿ, ಬೀದರ್

ಸರ್, ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣವೆಂದು ಓದಿದ್ದೇನೆ. ಎದೆಯುರಿಗೂ ಅದೇ ಕಾರಣವೇ?

ನಿವೃತ್ತ ವೈದ್ಯ, ಸೇಡಂ

ಎರಡನ್ನೂ ಬೇರೆ ಇಡಬೇಕು. ಹೆಲಿಕೋಬ್ಯಾಕ್ಟರ್ ಪೈಲೋರಿ ಜಠರದ ಗೋಡೆಯಲ್ಲಿ ಉರಿಯೂತ ಮತ್ತು ಹುಣ್ಣು ತರುತ್ತದೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಅದನ್ನು ಗುರುತಿಸಿದಾಗ ಯಾರೂ ನಂಬಲಿಲ್ಲ, ಮಾರ್ಷಲ್ 1984ರಲ್ಲಿ ಆ ಜೀವಿಯನ್ನು ತಾವೇ ಕುಡಿದು ಉರಿಯೂತ ತರಿಸಿಕೊಂಡು ತೋರಿಸಿದರು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೊಕ್ಕುಳ ಮೇಲಿನ ಗುಂಡಿಯಲ್ಲಿ ಕೊರೆಯುವ ನೋವು, ಹಸಿದಾಗ ಹೆಚ್ಚಾಗುವ ನೋವು ಇದ್ದರೆ ಅದನ್ನು ಪರೀಕ್ಷಿಸಬೇಕು. ಮಲಗಿದಾಗ ಹುಳಿ ನೀರು ಗಂಟಲಿಗೆ ಬರುವುದು ಆ ಬಾಗಿಲಿನ ತೊಂದರೆ.

ದಾಲ್‌ಮಿಲ್ಲಿನ ಲೆಕ್ಕಿಗ, ಕಲಬುರಗಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮಧ್ಯಾಹ್ನ ರೊಟ್ಟಿ ಇಳಿಯದ್ದಕ್ಕೆ ಅವ್ವ ಜೋಳದ ನುಚ್ಚು ಮಾಡಿ ತೆಳ್ಳನೆಯ ಮಜ್ಜಿಗೆಯ ಜೊತೆ ಕಳುಹಿಸುತ್ತಾಳೆ, ಅದು ಬಿಸಿಲಿನಲ್ಲೂ ಸರಾಗವಾಗಿ ಹೋಗುತ್ತದೆ. ಸಂಜೆಯ ಊಟವನ್ನು ಏಳೂವರೆಗೆ ಮಿಲ್ಲಿನಲ್ಲೇ ಮುಗಿಸುತ್ತೇನೆ, ಎರಡು ರೊಟ್ಟಿ ಮತ್ತು ಪಲ್ಯ ಅಷ್ಟೆ. ಮನೆಗೆ ಬಂದು ಸ್ನಾನವಾದ ಮೇಲೆ ಹಸಿವು ಏಳುವುದಂತೂ ತಪ್ಪಿಲ್ಲ, ಮೊದಲ ವಾರ ಬಹಳ ಕಷ್ಟವಾಯಿತು. ಚಹಾ ಎರಡಕ್ಕೆ ಇಳಿದಿದೆ. ಎರಡು ದಿಂಬು ಹಾಕಿ ನೋಡಿದೆ, ಕುತ್ತಿಗೆ ಹಿಡಿಯಿತೇ ಹೊರತು ಪ್ರಯೋಜನವಾಗಲಿಲ್ಲ. ಈಗ ಮಾಳಿಗೆಗೆ ಮಂಚ ಏರಿಸಿದ್ದೇನೆ, ತಲೆಯ ಕಡೆಯ ಕಾಲುಗಳ ಕೆಳಗೆ ಶಹಾಬಾದಿ ಪರ್ಸಿ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಸುಮಾರು ಆರು ಇಂಚು ಎತ್ತರಿಸಿದ್ದೇನೆ.

ಐದು ವಾರಗಳಲ್ಲಿ ಮೂರು ರಾತ್ರಿ ಮಾತ್ರ ಎಚ್ಚರವಾಗಿದೆ. ಅದರಲ್ಲಿ ಒಂದು, ಬಂಧುಗಳ ಮದುವೆಯಲ್ಲಿ ಹನ್ನೊಂದಕ್ಕೆ ಮಾಲ್ಪುರಿ ಮತ್ತು ಭಜಿ ತಿಂದು ಮಲಗಿದ ರಾತ್ರಿ, ಅದನ್ನು ಯಾರ ಮೇಲೂ ಹೊರಿಸುವಂತಿಲ್ಲ. ಎರಡು ವಾರದ ಹಿಂದೆ ಕೆಂಪು ಚಟ್ನಿಯನ್ನು ಮತ್ತೆ ತಟ್ಟೆಗೆ ಹಾಕಿಕೊಂಡೆ. ಏನೂ ಆಗಲಿಲ್ಲ. ಅವ್ವ ಮಾತ್ರ, ಇಷ್ಟು ದಿನ ಖಾರ ಬಿಟ್ಟದ್ದರ ಫಲ ಈಗ ಬಂದಿದೆ ಎನ್ನುತ್ತಾಳೆ.

ಆಳಂದದ ಗೃಹಿಣಿ

ನಿಮ್ಮ ಅವ್ವನವರು ಹೇಳಿದ್ದೇ ನನ್ನ ಮಾತೂ. ಆದರೂ ನಮ್ಮ ಮನೆಯವರ ಊಟವನ್ನು ಎಂಟಕ್ಕೆ ತಂದಿದ್ದೇನೆ. ಆ ಪರ್ಸಿ ತುಂಡುಗಳು ರಾತ್ರಿ ಹೊರಳುವಾಗ ಜಾರುವುದಿಲ್ಲವೇ?

ದಾಲ್‌ಮಿಲ್ಲಿನ ಲೆಕ್ಕಿಗ, ಕಲಬುರಗಿ

ಒಂದು ಸಲ ಜಾರಿತು ಅಕ್ಕಾ. ಈಗ ನಡುನಡುವೆ ಹಳೆಯ ಗೋಣಿಚೀಲದ ತುಂಡು ಹಾಕಿದ್ದೇನೆ. ಬಡಿಗರ ಕಡೆ ಗುಳಿ ಕೊರೆಸಿದ ಎರಡು ಕಟ್ಟಿಗೆ ತುಂಡು ಮಾಡಿಸಿಕೊಂಡರೆ ಇನ್ನೂ ಭದ್ರ, ಮಂಚದ ಕಾಲು ಆ ಗುಳಿಯಲ್ಲೇ ಕೂರುತ್ತದೆ.